ಪಂಚರ್ ಹಾಕೋದನ್ನ ಸುಲಭ ಮಾಡಿದ ಚಿತ್ರಕಾರ

ಕಾರಿನ ಟೈರ್ ಪಂಚರ್ ಆದ್ರೆ ನಾವು ಮಾಡೋದೇನು? ಹ್ಯಾಂಡ್ ಬ್ರೇಕ್ ಎಳೆದು, ನಟ್ಟುಗಳನ್ನ ಸ್ವಲ್ಪ ಸಡಿಲ ಮಾಡಿ, ಜಾಕ್ ಕೊಟ್ಟು ಎತ್ತಿ, ಚಕ್ರ ಬಿಚ್ಚಿ, ಡಿಕ್ಕಿಯಲ್ಲಿರೋ ಸ್ಟೆಪ್ನಿ ಹಾಕ್ತೀವಿ. ಕೈಗೆ ಒಂದಿಷ್ಟು ಮಸಿ ಹತ್ತುತ್ತೆ, ಅಷ್ಟೇ. ಅಪ್ಪ ಮಗುವಿನ ಹಾಗೆ ನೋಡ್ಕೊಳ್ಳೋ ಕಾರೇ ಆಗಿದ್ರೂ ರಿಮ್ಮು ಡೊಂಕಾಗಲ್ಲ, ಬಣ್ಣ ಕಿತ್ತು ಬರಲ್ಲ, ಬೈಗುಳ ಬೀಳಲ್ಲ.

ಈ ‘ಅಷ್ಟೇ’ ಅನ್ನೋ ಮಾತಿನ ಹಿಂದೆ ಹದಿನೇಳು ವರ್ಷದ ಒದ್ದಾಟ ಇದೆ. ಅದನ್ನ ಒದ್ದಾಡಿದವನು ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವನಲ್ಲ ಅನ್ನೋದು ಈ ಕಥೆಯ ಮಜಾ. ಆತ ಕಾನೂನು ಓದಿದ, ಆಮೇಲೆ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಚಿತ್ರ ಬರೆಯೋದು ಕಲಿತ. ಹೆಸರು ಎದುವಾರ್ ಮಿಶೆಲಿನ್. ಹೌದು, ಟೈರಿನ ಮೇಲೆ ನೀವು ಓದೋ ಅದೇ ಮಿಶೆಲಿನ್.

ಎದುವಾರ್ ಹುಟ್ಟಿದ್ದು 1859ರಲ್ಲಿ, ಪ್ಯಾರಿಸ್ಸಿನಲ್ಲಿ. ಆರು ವರ್ಷ ದೊಡ್ಡವನಾದ ಅಣ್ಣ ಆಂಡ್ರೆ ಎಂಜಿನಿಯರ್. ಪ್ಯಾರಿಸ್ಸಿನಲ್ಲಿ ಕಬ್ಬಿಣದ ಕಟ್ಟಡ ಕೆಲಸದ ವ್ಯವಹಾರ ಇತ್ತು. ಇವರ ತಾತ ಮತ್ತು ತಾತನ ಸೋದರಸಂಬಂಧಿ ಸೇರಿ ಫ್ರಾನ್ಸಿನ ಮಧ್ಯಭಾಗದ ಕ್ಲೆರ್ಮಾಂ-ಫೆರಾಂ ಊರಿನಲ್ಲಿ 1832ರಷ್ಟು ಹಿಂದೆಯೇ ಒಂದು ಕಾರ್ಖಾನೆ ತೆರೆದಿದ್ರು. ಬೇಸಾಯದ ಯಂತ್ರ, ರಬ್ಬರ್ ಸಾಮಾನು ಎಲ್ಲಾ ಅಲ್ಲಿ ತಯಾರಾಗ್ತಿತ್ತು. ತಾತ ಹೋದ ಮೇಲೆ ಕಾರ್ಖಾನೆ ಮುಳುಗೋ ಸ್ಥಿತಿಗೆ ಬಂತು. ಮೊದಲು ಆಂಡ್ರೆ ಬಂದು ನೋಡಿದ. ಆದರೆ ಪ್ಯಾರಿಸ್ಸಿನ ಕೆಲಸ ಬಿಟ್ಟು ಅಲ್ಲೇ ಕೂರೋಕೆ ಆಗಲಿಲ್ಲ. ಮನೆಯವರ ಒತ್ತಾಯಕ್ಕೆ ಎದುವಾರ್ ಕುಂಚ ಬದಿಗಿಟ್ಟು 1889ರಲ್ಲಿ ಜವಾಬ್ದಾರಿ ಹೊತ್ತ. ಆಗ ಆತನಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಕೈಯಲ್ಲಿ ಐವತ್ತು ಚಿಲ್ಲರೆ ಕೆಲಸಗಾರರು, ರಬ್ಬರಿನ ಬ್ರೇಕ್ ಕಟ್ಟೆಗಳ ವ್ಯಾಪಾರ. ಟೈರು ಅನ್ನೋದು ಪಟ್ಟಿಯಲ್ಲೇ ಇರಲಿಲ್ಲ.

ಅದೇ ವರ್ಷ ಒಬ್ಬ ಸೈಕಲ್ ಸವಾರ ಪಂಚರ್ ಆದ ಸೈಕಲ್ ತಂದು ಕಾರ್ಖಾನೆ ಬಾಗಿಲಿಗೆ ನಿಂತ. ಚಕ್ರಕ್ಕಿದ್ದದ್ದು ಗಾಳಿ ತುಂಬೋ ಡನ್‌ಲಪ್ ಟೈರು. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಅದಕ್ಕೆ ಪೇಟೆಂಟ್ ತಗೊಂಡು ಆಗಷ್ಟೇ ಒಂದು ವರ್ಷ. ಗಟ್ಟಿ ರಬ್ಬರಿನ ಚಕ್ರಕ್ಕಿಂತ ಅದು ಎಷ್ಟೋ ಮೆತ್ತಗೆ ಓಡ್ತಿತ್ತು. ತೊಂದರೆ ಒಂದೇ: ಟೈರನ್ನ ರಿಮ್ಮಿಗೆ ಅಂಟು ಹಾಕಿ ಕೂರಿಸಿರ್ತಿದ್ರು. ಟ್ಯೂಬಿನ ಒಂದು ಸಣ್ಣ ತೂತು ಮುಚ್ಚಬೇಕಾದ್ರೆ ಇಡೀ ಟೈರನ್ನೇ ಸುಲಿದು ತೆಗೀಬೇಕು. ಸುಲಿಯೋದು, ತೇಪೆ ಹಾಕೋದು, ಮತ್ತೆ ಅಂಟಿಸೋದು ಎಲ್ಲಾ ಸೇರಿ ಮೂರು ಗಂಟೆ. ಅಂಟು ಒಣಗೋಕೆ ಒಂದು ರಾತ್ರಿ. ಬೆಳಿಗ್ಗೆ ಎದುವಾರ್ ತಾನೇ ಆ ಸೈಕಲ್ ಹತ್ತಿ ಅಂಗಳದಲ್ಲಿ ಓಡಿಸಿ ನೋಡಿದ. ಕೆಲವು ನೂರು ಮೀಟರ್ ಹೋಗೋದ್ರೊಳಗೆ ಮತ್ತೆ ಗಾಳಿ ಹೋಯ್ತು!

ನಾವಾಗಿದ್ರೆ ಗಾಳಿ ಟೈರಿನ ಸಹವಾಸವೇ ಬೇಡ ಅಂತ ಕೈಮುಗೀತಿದ್ವೇನೋ. ಎದುವಾರ್ ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿದ. ಗಾಳಿ ಮೇಲೆ ಓಡೋದು ಒಳ್ಳೇದೇ. ಅಂಟು ಹಾಕಿದ್ದು ತಪ್ಪು. ರಸ್ತೆಯಲ್ಲಿ ಮೊಳೆ ಇರೋವರೆಗೂ ಪಂಚರ್ ಆಗುತ್ತೆ, ಅದನ್ನ ತಪ್ಪಿಸೋಕಾಗಲ್ಲ. ಆದ್ರೆ ಪಂಚರ್ ಹಾಕೋಕೆ ಒಂದು ಇಡೀ ದಿನ ಬೇಕಾಗೋದು ರಸ್ತೆಯ ತಪ್ಪಲ್ಲ, ಟೈರನ್ನ ಕೂರಿಸಿದ ರೀತಿಯ ತಪ್ಪು. ಯಾರು ಬೇಕಾದ್ರೂ, ಎಲ್ಲಿ ಬೇಕಾದ್ರೂ, ಕಾಲು ಗಂಟೆಯೊಳಗೆ ಬಿಚ್ಚಿ ಹಾಕೋ ಹಾಗಿರಬೇಕು ಅಂತ ತನಗೆ ತಾನೇ ಗುರಿ ಇಟ್ಕೊಂಡ. ಅಂಟಿನ ಜಾಗಕ್ಕೆ ಬಿಚ್ಚಬಹುದಾದ ಹಿಡಿತ ತಂದು, 1891ರಲ್ಲಿ ಕಳಚುವ ಟೈರಿಗೆ ಪೇಟೆಂಟ್ ಪಡೆದ.

ಪೇಟೆಂಟ್ ಕಾಗದ ನೋಡಿ ಯಾರೂ ಟೈರು ಕೊಳ್ಳಲ್ಲ ಅಲ್ವಾ? ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರೋ ಸೈಕಲ್ ರೇಸು, ಸುಮಾರು 1,200 ಕಿ.ಮೀ. ಶಾರ್ಲ್ ತೆರಾಂ ಅನ್ನೋ ಸವಾರ ಮಿಶೆಲಿನ್ ಟೈರು ಹಾಕ್ಕೊಂಡು ಹೊರಟ. ಪಂಚರ್ ತಪ್ಪಲಿಲ್ಲ, ಆದ್ರೆ ಪಂಚರ್‌ನಿಂದ ರೇಸು ನಿಲ್ಲಲೂ ಇಲ್ಲ. 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿ, ಎರಡನೆಯವನಿಗಿಂತ ಗಂಟೆಗಟ್ಟಲೆ ಮುಂಚೆ ಬಂದು ಗೆದ್ದ. ಮರುವರ್ಷ ಸಹೋದರರು ತಾವೇ ಪ್ಯಾರಿಸ್‌ನಿಂದ ಕ್ಲೆರ್ಮಾಂಗೆ ಒಂದು ರೇಸು ಏರ್ಪಡಿಸಿ, ದಾರಿಯಲ್ಲಿ ಬೇಕಂತಲೇ ಮೊಳೆ ಚೆಲ್ಲಿಸಿದ್ರು! ಟೈರು ಮಾರೋನು ತನ್ನ ಟೈರಿಗೆ ತಾನೇ ಪಂಚರ್ ಮಾಡಿಸೋದು ಅಂದ್ರೆ? ಪಂಚರ್ ಆಗೋದೇ ಇಲ್ಲ ಅಂತ ಅವರು ಸುಳ್ಳು ಹೇಳಲಿಲ್ಲ. ಆದ್ರೆ ಏನೂ ಕಷ್ಟ ಇಲ್ಲ, ನೋಡಿ ಅಂತ ತೋರಿಸಿದ್ರು.

ಸೈಕಲ್ ಆಯ್ತು, ಇನ್ನು ಕಾರು. ಅಸಲಿ ತಲೆನೋವು ಇಲ್ಲಿ ಶುರು. ಸೈಕಲ್ಲಿಗಿಂತ ಕಾರಿನ ಭಾರ ಎಷ್ಟೋ ಪಟ್ಟು ಜಾಸ್ತಿ. ವೇಗ ಜಾಸ್ತಿ, ಟೈರು ಕಾಯೋದೂ ಜಾಸ್ತಿ. ರಸ್ತೆ ತುಂಬಾ ಕುದುರೆ ಲಾಳದಿಂದ ಉದುರಿದ ಮೊಳೆ. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ರೇಸಿಗೆ ಗಾಳಿ ಟೈರು ಹಾಕಿಸಿಕೊಳ್ಳೋ ಧೈರ್ಯ ಯಾವ ಕಾರು ತಯಾರಕರಿಗೂ ಬರಲಿಲ್ಲ. ಸರಿ, ನಾವೇ ಹೋಗ್ತೀವಿ ಅಂತ ಅಣ್ಣ ತಮ್ಮ ಇಬ್ಬರೂ ಲೆಕ್ಲೇರ್, ಅಂದ್ರೆ ಮಿಂಚು, ಅನ್ನೋ ಹೆಸರಿನ ಕಾರಿಗೆ ಗಾಳಿ ಟೈರು ಕಟ್ಟಿ ಹೊರಟ್ರು. ಮೊದಲು ಬಂದ ಲೆವಾಸೋರ್ 48 ಗಂಟೆ 48 ನಿಮಿಷದಲ್ಲಿ ಮುಗಿಸಿದ. ಮಿಶೆಲಿನ್ ಸಹೋದರರು ದಾರಿಯುದ್ದಕ್ಕೂ ಪಂಚರ್ ಹಾಕ್ತಾ ಹಾಕ್ತಾ, ತಂದಿದ್ದ 22 ಟ್ಯೂಬುಗಳನ್ನೂ ಖಾಲಿ ಮಾಡಿ, 100 ಗಂಟೆಯ ಗಡುವು ಮೀರಿ ಪ್ಯಾರಿಸ್ ಮುಟ್ಟಿದ್ರು. ಲೆಕ್ಕದಲ್ಲಿ ಸೋಲೇ. ಆದ್ರೆ ಗಾಳಿ ಮೇಲೆ ಕಾರು ಅಷ್ಟು ದೂರ ಓಡಬಹುದು ಅಂತ ಜನ ಕಣ್ಣಾರೆ ನೋಡಿದ್ರು. ಕೆಲವೇ ವರ್ಷಗಳಲ್ಲಿ ಗಾಳಿ ಟೈರು ಕಾರುಗಳಿಗೆ ಮಾಮೂಲಿಯಾಯ್ತು.

ಹಾಗಂತ ಪಂಚರ್ ಹಾಕೋ ಕೆಲಸ ಸುಲಭ ಆಗಿರಲಿಲ್ಲ. ಆಗಿನ ಕಾರಿನ ಟೈರಿನ ಅಂಚು ಕೊಕ್ಕೆಯ ಹಾಗೆ ರಿಮ್ಮಿನ ತುಟಿಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಒಳಗಿನ ಗಾಳಿಯ ಒತ್ತಡ ಅದನ್ನ ಬಿಗಿಯಾಗಿ ಹಿಡಿದಿಡ್ತಿತ್ತು. ಮರದ ಅರಗಳ ಚಕ್ರ ಕಾರಿಗೇ ಅಂಟಿಕೊಂಡಿರೋದು, ಬಿಚ್ಚೋ ಹಾಗಿಲ್ಲ. ಹಾಗಾಗಿ ರಸ್ತೆ ಬದಿಯಲ್ಲಿ ಕೂತು, ಕಬ್ಬಿಣದ ಪಟ್ಟಿ ತೂರಿಸಿ, ಮೀಟಿ ಮೀಟಿ ಟೈರು ಎಬ್ಬಿಸಬೇಕು. ಜಾಸ್ತಿ ಬಲ ಹಾಕಿದ್ರೆ ರಿಮ್ಮಿನ ತುಟಿ ಡೊಂಕು. ಪಟ್ಟಿ ಜಾರಿದ್ರೆ ಬಣ್ಣ ಹೋಯ್ತು. ಮತ್ತೆ ಕೂರಿಸುವಾಗ ಟ್ಯೂಬು ಪಟ್ಟಿಯಡಿ ಸಿಕ್ಕಿ ಚಿವುಟಿದ್ರೆ, ಹೊಸ ತೂತು! ಮೊಳೆ ಮಾಡಿದ ಹಾನಿಗಿಂತ ರಿಪೇರಿ ಮಾಡಿದ ಹಾನಿಯೇ ಜಾಸ್ತಿ. ಅದೂ ಎಂಥಾ ಕಾರು? ಶ್ರೀಮಂತರು ಮಾತ್ರ ಕೊಳ್ಳಬಹುದಾಗಿದ್ದ, ಕೈಯಿಂದಲೇ ಕಟ್ಟಿದ ಕಾರು. 1900ರಲ್ಲಿ ಸಹೋದರರು ಬಿಟ್ಟಿಯಾಗಿ ಹಂಚಿದ ಮೊದಲ ಮಿಶೆಲಿನ್ ಗೈಡಿನಲ್ಲಿ ಟೈರು ಹೇಗೆ ಬಿಚ್ಚಿ ಸರಿಮಾಡಬೇಕು ಅನ್ನೋದಕ್ಕೆ ಜಾಗ ಕೊಟ್ಟಿದ್ದು ಸುಮ್ಮನೆ ಅಲ್ಲ. ಈಗ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡೋದು ಅದೇ ಗೈಡು.

ಬೇರೆಯವರೂ ಇದೇ ಸಮಸ್ಯೆ ಹಿಡಿದು ಕೂತಿದ್ರು. 1904ರಲ್ಲಿ ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸಹೋದರರು ಗಾಳಿ ತುಂಬಿದ ಟೈರು ಸಮೇತ ಒಂದು ಹೆಚ್ಚುವರಿ ರಿಮ್ಮು ಮಾಡಿ, ಪಂಚರ್ ಆದ ಚಕ್ರದ ಪಕ್ಕಕ್ಕೇ ಕ್ಲಾಂಪ್ ಹಾಕಿ ಕಟ್ಟೋ ಉಪಾಯ ಹೂಡಿದ್ರು. ನಮ್ಮ ಮೆಕ್ಯಾನಿಕ್ ಅಣ್ಣಂದಿರು ಇವತ್ತಿಗೂ ಹೇಳೋ ಸ್ಟೆಪ್ನಿ ಅನ್ನೋ ಪದ ಆ ಬೀದಿಯದ್ದು!

ಮಿಶೆಲಿನ್ನರ ಉತ್ತರ ದೊಡ್ಡದಾಗಿ ಕಂಡಿದ್ದು 1906ರ ಜೂನಿನಲ್ಲಿ, ಲ ಮಾಂ ಊರಿನ ಬಳಿ ನಡೆದ ಫ್ರೆಂಚ್ ಗ್ರಾಂಡ್ ಪ್ರೀಯಲ್ಲಿ. ಎರಡು ದಿನ, 1,200 ಕಿ.ಮೀ.ಗೂ ಜಾಸ್ತಿ. ಬಿಸಿಲಿಗೆ ಟಾರು ಕರಗಿ, ಕಲ್ಲು ಎದ್ದು, ಟೈರುಗಳು ಸಾಲುಸಾಲಾಗಿ ಹೋದವು. ನಿಯಮ ಬೇರೆ: ಡ್ರೈವರು ಮತ್ತು ಜೊತೆಗೆ ಕೂತ ಮೆಕ್ಯಾನಿಕ್ ಬಿಟ್ಟು ಇನ್ಯಾರೂ ಕಾರಿಗೆ ಕೈ ಹಾಕೋ ಹಾಗಿಲ್ಲ. ಎಷ್ಟೋ ತಂಡದವರು ಹಳೇ ಟೈರನ್ನ ಚಾಕುವಿನಲ್ಲಿ ಕೊಯ್ದು ತೆಗೆದು, ಹೊಸದನ್ನ ಮೀಟಿ ಕೂರಿಸ್ತಿದ್ರು. ಒಂದೊಂದಕ್ಕೆ ಸುಮಾರು ಕಾಲು ಗಂಟೆ. ಆದ್ರೆ ರೆನೋ ಕಾರಿನ ಫೆರೆಂಕ್ ಸಿಸ್ ಹಿಂದಿನ ಚಕ್ರಗಳಿಗೆ ಮಿಶೆಲಿನ್ನರ ಕಳಚುವ ರಿಮ್ಮು ಹಾಕಿಸಿದ್ದ. ಟೈರನ್ನ ಮೊದಲೇ ರಿಮ್ಮಿಗೆ ಕೂರಿಸಿ, ಗಾಳಿ ತುಂಬಿ ಸಿದ್ಧ ಇಟ್ಟಿರೋದು. ನಟ್ಟು ಬಿಚ್ಚು, ಹಳೇ ರಿಮ್ಮು ಎಳಿ, ಹೊಸದು ತಳ್ಳು, ನಟ್ಟು ಬಿಗಿ. ನಾಲ್ಕು ನಿಮಿಷ ಕೂಡ ಬೇಡ. ಚಕ್ರಕ್ಕೆ ಏಟಿಲ್ಲ, ಟ್ಯೂಬಿಗೆ ಚಿವುಟಿಲ್ಲ.

ಬಿಟ್ಟಿ ಏನೂ ಬರಲ್ಲ ಅನ್ನೋದನ್ನೂ ಗಮನಿಸಿ. ಈ ಏರ್ಪಾಟಿನಿಂದ ಒಂದೊಂದು ಚಕ್ರಕ್ಕೆ ಸುಮಾರು 9 ಕೆ.ಜಿ. ಭಾರ ಹೆಚ್ಚಾಗ್ತಿತ್ತು. ಕಾರಿನ ತೂಕಕ್ಕೆ 1,000 ಕೆ.ಜಿ. ಮಿತಿ ಇದ್ದಿದ್ದರಿಂದ ಕೆಲವು ತಂಡಗಳಿಗೆ ಇದನ್ನ ಹಾಕೋಕೇ ಆಗಲಿಲ್ಲ. ರಿಪೇರಿಯ ಸಮಯವನ್ನೂ ಲೆಕ್ಕಕ್ಕೆ ತಗೊಂಡವರಿಗೆ ಮಾತ್ರ ಆ 9 ಕೆ.ಜಿ. ಅಗ್ಗ ಅಂತ ಕಂಡಿತು. ಸಿಸ್ ಅರ್ಧ ಗಂಟೆಗೂ ಹೆಚ್ಚು ಅಂತರದಲ್ಲಿ ಗೆದ್ದ.

ಎದುವಾರ್ ಬದುಕು ಬರೀ ಗೆಲುವಿನ ಕಥೆ ಅಂತ ನಾವು ಬರೆದರೆ ತಪ್ಪಾಗುತ್ತೆ. ಟೈರು ಬೆಳೆದಂತೆ ರಬ್ಬರಿನ ಹಸಿವೂ ಬೆಳೀತು. ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನ ಫು ರಿಯೆಂಗ್‌ನಲ್ಲಿದ್ದ ಕಂಪನಿಯ ರಬ್ಬರ್ ತೋಟದಲ್ಲಿ ಕೂಲಿಗಳನ್ನ ನಡೆಸಿಕೊಂಡ ರೀತಿಗೆ 1930ರಲ್ಲಿ ದೊಡ್ಡ ಮುಷ್ಕರವೇ ಆಯ್ತು. ಟೈರು ಬಿಚ್ಚೋನ ಕಷ್ಟ ಅಷ್ಟು ಚೆನ್ನಾಗಿ ಕಂಡವನ ಕಂಪನಿಗೆ ರಬ್ಬರ್ ಹಾಲು ಇಳಿಸೋನ ಕಷ್ಟ ಕಾಣಲಿಲ್ಲ. ಮನೆಯೊಳಗೂ ದುಃಖ ತಪ್ಪಲಿಲ್ಲ. 1931ರಲ್ಲಿ ಅಣ್ಣ ಆಂಡ್ರೆ ತೀರಿಕೊಂಡ. ಮರುವರ್ಷ ಮಗ ಎತಿಯೆನ್ ವಿಮಾನ ಅಪಘಾತದಲ್ಲಿ ಹೋದ. 1937ರಲ್ಲಿ ಇನ್ನೊಬ್ಬ ಮಗ ಪಿಯೆರ್ ಕಾರು ಅಪಘಾತದಲ್ಲಿ ಸತ್ತ. ಜೀವನವಿಡೀ ಕಾರಿನ ಚಕ್ರ ತಿರುಗೋಕೆ ದುಡಿದ ಮುದುಕನಿಗೆ ಆ ಸುದ್ದಿ ಹೇಗಿತ್ತೋ, ಊಹಿಸೋಕೂ ಸಂಕಟ. ಆದರೂ ಕೊನೆವರೆಗೂ ಕಾರ್ಖಾನೆ ಬಿಡಲಿಲ್ಲ. ಜರ್ಮನರು ಫ್ರಾನ್ಸನ್ನ ಸೋಲಿಸಿದ ವರ್ಷ, 1940ರ ಆಗಸ್ಟಿನಲ್ಲಿ, 81ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದ.

ಈತನ ಕಥೆ ಈ ಸಂಚಿಕೆಗೆ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಈಗ ಫೈನಲ್ ಇಯರ್ ಪ್ರಾಜೆಕ್ಟುಗಳ ಕಾಲ. ಡೆಮೋ ದಿನ ಓಡಿದ್ರೆ ಸಾಕು ಅಂತ ಹಾಟ್ ಗ್ಲೂ ಸುರಿದು ಎಲ್ಲಾ ಅಂಟಿಸಿಬಿಡ್ತೀವಿ. ಆಮೇಲೆ ಎಂಟು ರೂಪಾಯಿಯ ಒಂದು ವೈರು ಬದಲಿಸಬೇಕಾದ್ರೆ ಇಡೀ ಮಾಡೆಲ್ ಒಡೀಬೇಕು. ಹೊರಗೆ ಕಂಪನಿಗಳೂ ಅದನ್ನೇ ಮಾಡ್ತಿವೆ. ಬ್ಯಾಟರಿ ಬದಲಿಸೋಕೆ ಫೋನಿನ ಗಾಜು ಕಾಯಿಸಿ ಕೀಳಬೇಕು. ನಾಳೆ ಆ ಡಿಸೈನ್ ಟೇಬಲ್ಲಿನ ಮುಂದೆ ಕೂರೋರು ನಾವೇ ತಾನೇ? ಇದು ಕೆಡಲ್ಲ ಅಂತ ವಾದ ಮಾಡೋ ಮೊದಲು, ಕೆಟ್ಟಾಗ ಬಿಚ್ಚೋದು ಯಾರು, ಯಾವ ಸ್ಪ್ಯಾನರಿನಲ್ಲಿ, ಎಷ್ಟು ಹೊತ್ತಿನಲ್ಲಿ ಅಂತ ಡ್ರಾಯಿಂಗಿನ ಮೂಲೆಯಲ್ಲಿ ಬರೆದಿಡೋಣ. ಈ ಸೆಮಿಸ್ಟರಿನ ಪ್ರಾಜೆಕ್ಟಿನಿಂದಲೇ ಶುರು ಮಾಡಬಹುದು.