ಒಂದು ತಂತಿ, ಐದು ಕೀಲಿ

ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಮೇಜಿಗೂ ಒಂದು ಗಣಕಯಂತ್ರ ಬಂದಿತು. ದೂರದ ಕೇಂದ್ರ ಗಣಕವನ್ನು ಸಂಪರ್ಕಿಸಲು ಅದರಲ್ಲಿ ಟರ್ಮಿನಲ್ ಎಮ್ಯುಲೇಟರ್ ಎಂಬ ತಂತ್ರಾಂಶವಿತ್ತು. ನಾನು ಆದೇಶಗಳನ್ನು ಅಕ್ಷರ ಅಕ್ಷರವಾಗಿ ಒತ್ತುತ್ತಿದ್ದರೆ, ಕಿರಿಯ ಸಹಾಯಕ ಅವನ್ನೆಲ್ಲ ಮ್ಯಾಕ್ರೋ ಮಾಡಿ ಒಂದೇ ಕೀಲಿಯಲ್ಲಿ ಅಡಗಿಸಿಟ್ಟಿದ್ದ. (ಗುಪ್ತಪದವನ್ನೂ ಅಡಗಿಸಿದ್ದಕ್ಕೆ ಗದರಿಸಬೇಕಾಯಿತು.) ಪರದೆಯಲ್ಲಿ ಸಂಪರ್ಕದ ವೇಗ 9600 ಬಾಡ್ ಎಂದು ಕಾಣುತ್ತಿತ್ತು. ಆ ಬಾಡ್ ಒಬ್ಬ ತಂತಿ ನೌಕರನ ಹೆಸರಿನ ತುಣುಕೆಂಬುದು ನನಗೆ ತಿಳಿದದ್ದು ನಿವೃತ್ತಿಯ ಬಳಿಕ.

ಎಮಿಲ್ ಬೋದೋ 1845ರಲ್ಲಿ ಫ್ರಾನ್ಸಿನ ರೈತ ಕುಟುಂಬವೊಂದರಲ್ಲಿ ಹುಟ್ಟಿದ. ಕಲಿತದ್ದು ಪ್ರಾಥಮಿಕ ಶಾಲೆಯಷ್ಟು. 1869ರಲ್ಲಿ ತಂತಿ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ನೌಕರಿ ಹಿಡಿದ. ಮೋರ್ಸ್ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಉದ್ದ. ಬೋದೋ ಪ್ರತಿ ಅಕ್ಷರಕ್ಕೂ ಸಮನಾಗಿ ಐದು ಮಿಡಿತ ಕೊಟ್ಟ. ಐದರಿಂದ ಹುಟ್ಟುವ ಜೋಡಣೆಗಳು 32 ಮಾತ್ರ. ಅಕ್ಷರ, ಅಂಕಿ, ಚಿಹ್ನೆಗಳೆಲ್ಲಕ್ಕೂ ಅವು ಸಾಲವು. ಆದ್ದರಿಂದ ಎರಡು ಜೋಡಣೆಗಳನ್ನು ಬೇರೆ ಕೆಲಸಕ್ಕೆ ಮೀಸಲಿಡಲಾಯಿತು: ಒಂದನ್ನು ಒತ್ತಿದರೆ ಮುಂದಿನವು ಅಕ್ಷರಗಳು, ಇನ್ನೊಂದನ್ನು ಒತ್ತಿದರೆ ಅಂಕಿಗಳು. ಕಂಟ್ರೋಲ್ ಕೀಲಿಯೊಡನೆ ಒತ್ತಿದ ಅಕ್ಷರ ಇಂದು ಆದೇಶವಾಗುವುದು ಇದೇ ಬಗೆಯ ಉಪಾಯದಿಂದ.

ಅವನ ಯಂತ್ರದಲ್ಲಿ ಎಡಗೈಗೆ ಎರಡು, ಬಲಗೈಗೆ ಮೂರು ಕೀಲಿ. ಒಂದೇ ತಂತಿಯನ್ನು ಹಲವು ನೌಕರರು ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ಯಂತ್ರ ಟಕ್ಕೆಂದಾಗ, ಆ ತಾಳಕ್ಕೆ ಸರಿಯಾಗಿ, ಬೆರಳುಗಳು ಒಟ್ಟಿಗೆ ಇಳಿಯಬೇಕು. ಅರ್ಥಶಾಸ್ತ್ರ ಓದಿದ ನನಗೆ ಇಲ್ಲಿ ಲೆಕ್ಕ ಸ್ಪಷ್ಟ: ತಂತಿ ದುಬಾರಿ, ಗುಮಾಸ್ತ ಅಗ್ಗ. ಈ ಒಳದಾರಿ ಉಳಿಸಿದ್ದು ತಂತಿಯನ್ನು. ಅದರ ಭಾರ ಬಿದ್ದದ್ದು ನೌಕರನ ನೆನಪು ಮತ್ತು ಕಿವಿಯ ಮೇಲೆ. ಬೆರಚ್ಚು ಯಂತ್ರದಂಥ ಕೀಲಿಮಣೆಯನ್ನು ಡೊನಾಲ್ಡ್ ಮರ್ರೇ ತಂದ ಮೇಲೆ ಆ ಭಾರ ಯಂತ್ರಕ್ಕೆ ವರ್ಗವಾಯಿತು. ನನ್ನ ಸಹಾಯಕನ ಮ್ಯಾಕ್ರೋ ಉಳಿಸುತ್ತಿದ್ದುದಾದರೋ ಅವನದೇ ಬೆರಳುಗಳನ್ನು.

1877ರಲ್ಲಿ ಪ್ಯಾರಿಸ್–ಬೋರ್ಡೊ ಮಾರ್ಗದಲ್ಲಿ ಈ ವ್ಯವಸ್ಥೆ ಕೆಲಸ ಆರಂಭಿಸಿತು. ಮರುವರ್ಷ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಇಲಾಖೆ ಮಾತ್ರ ಸಂಶೋಧನೆಗೆ ಕೈಬಿಚ್ಚಲಿಲ್ಲ. ಹಣ ಹೊಂದಿಸಲು 1880ರಲ್ಲಿ ಬೋದೋ ಆ ಪದಕವನ್ನೇ ಮಾರಿದ. ಕಡತ ಮೇಲಕ್ಕೆ ಹೋಗಿ ಅನುದಾನವಿಲ್ಲದೆ ಹಿಂತಿರುಗುವುದನ್ನು ಬಲ್ಲ ನನಗೆ ಈ ಸಂಗತಿ ಅಪರಿಚಿತವೆನಿಸಲಿಲ್ಲ.

1903ರ ಮಾರ್ಚ್‌ನಲ್ಲಿ, 57ನೆಯ ವಯಸ್ಸಿನಲ್ಲಿ, ಬೋದೋ ತೀರಿಕೊಂಡ. ಸಂಕೇತಗಳ ವೇಗದ ಮಾನಕ್ಕೆ ಅವನ ಹೆಸರಿಟ್ಟದ್ದು 1920ರ ದಶಕದಲ್ಲಿ.