5 ಅಡಿ 9 ಇಂಚಿನ ಲೈನ್‌ಬ್ಯಾಕರ್

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೂತು ಅಮೆರಿಕದ ಶಾರ್ಲಟ್ ನಗರದ ಬ್ಯಾಂಕೊಂದರ ಕೆಲಸ ಮಾಡುವವನು ನಾನು. ಅಲ್ಲಿನ ಮ್ಯಾನೇಜರ್ ಕಳಿಸುವ ಪ್ರತಿ ಪಿಪಿಟಿಯ ಕೊನೆಯ ಸ್ಲೈಡಿನಲ್ಲಿ ಕೀಪ್ ಪೌಂಡಿಂಗ್ ಎಂಬ ಎರಡು ಪದಗಳಿರುತ್ತವೆ. ಬಡಿಯುತ್ತಲೇ ಇರಿ ಎಂದರ್ಥ. ಶನಿವಾರವೂ ಲಾಗಿನ್ ಆಗಿ ಅನ್ನುವುದನ್ನೇ ಇವರು ಹೀಗೆ ನಯವಾಗಿ ಹೇಳುತ್ತಾರೆ ಅಂದುಕೊಂಡಿದ್ದೆ. ಮೂರು ತಿಂಗಳು ಆನ್‌ಸೈಟ್ ಹೋದಾಗ ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂ ಹೊರಗೆ ಒಂದು ಕಂಚಿನ ಪ್ರತಿಮೆ ನೋಡಿದೆ. ಆ ಮಾತು ಅವರದು ಎಂದು ಗೊತ್ತಾಯಿತು. ಹೆಸರು ಸ್ಯಾಮ್ ಮಿಲ್ಸ್.

ಅಮೆರಿಕನ್ನರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ನುಗ್ಗುವ ಆಟ. ಕಬಡ್ಡಿ ನೋಡಿ ಬೆಳೆದ ನನಗೆ ಅದು ಅಷ್ಟು ಕಷ್ಟವಾಗಲಿಲ್ಲ. ಮುಂದಿನ ಸಾಲಿನಲ್ಲಿ ಎರಡೂ ಕಡೆಯ ದೈತ್ಯರು ಒಬ್ಬರನ್ನೊಬ್ಬರು ತಳ್ಳುತ್ತಿರುತ್ತಾರೆ. ಅವರ ಬೆನ್ನ ಹಿಂದೆ ನಿಂತು, ಚೆಂಡು ಯಾವ ಕಡೆಯಿಂದ ಬರುತ್ತದೆಂದು ಕ್ಷಣದಲ್ಲಿ ಊಹಿಸಿ, ಹೊತ್ತು ತಂದವನನ್ನು ಕೆಡವುವವನು ಲೈನ್‌ಬ್ಯಾಕರ್. ನಡುವೆ ನಿಲ್ಲುವ ಲೈನ್‌ಬ್ಯಾಕರ್‌ಗೆ ಇನ್ನೊಂದು ಕೆಲಸವಿದೆ: ಉಳಿದ ಹತ್ತು ಮಂದಿ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವುದು. ಈ ಜಾಗಕ್ಕೆ ಆರಡಿ ದಾಟಿದವರನ್ನೇ ಆರಿಸುವುದು ರೂಢಿ. ಮಿಲ್ಸ್ 5 ಅಡಿ 9 ಇಂಚು.

ಹುಟ್ಟಿದ್ದು 1959ರಲ್ಲಿ, ನ್ಯೂಜೆರ್ಸಿಯಲ್ಲಿ. ಓದಿ ಆಡಿದ್ದು ಮಾಂಟ್‌ಕ್ಲೇರ್ ಸ್ಟೇಟ್ ಎಂಬ ಚಿಕ್ಕ ಕಾಲೇಜಿಗೆ. ಅಲ್ಲಿ ಟ್ಯಾಕಲ್‌ಗಳ ದಾಖಲೆ ಬರೆದರೂ 1981ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಒಂದು ತಂಡವೂ ಅವರ ಹೆಸರು ಕರೆಯಲಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಶಿಬಿರಕ್ಕೆ ಸೇರಿಸಿಕೊಂಡು, ಕೊನೆಯ ಸುತ್ತಿನಲ್ಲಿ ಮನೆಗೆ ಕಳಿಸಿತು. ಮರುವರ್ಷ ಕೆನಡಾದ ಟೊರೊಂಟೊ ತಂಡವೂ ಅದನ್ನೇ ಮಾಡಿತು. ಮಿಲ್ಸ್ ಊರಿಗೆ ಮರಳಿ ಈಸ್ಟ್ ಆರೆಂಜ್ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಮಕ್ಕಳಿಗೆ ಫೋಟೊಗ್ರಫಿ ಕಲಿಸುವುದು, ಸಂಜೆ ಫುಟ್‌ಬಾಲ್ ಹೇಳಿಕೊಡುವುದು.

ಇಲ್ಲಿ ನನ್ನದೊಂದು ಮಾತು ಸೇರಿಸಿಬಿಡುತ್ತೇನೆ. ಡಿಗ್ರಿ ಮುಗಿದಾಗ ಕ್ಯಾಂಪಸ್ ಇಂಟರ್‌ವ್ಯೂಗಳಿಗೆ 60 ಪರ್ಸೆಂಟ್ ಕಟ್‌ಆಫ್ ಇತ್ತು. ನನ್ನದು 58. ಗೇಟಿನ ಹತ್ತಿರವೇ ಪಟ್ಟಿ ನೋಡಿ ವಾಪಸ್ ಕಳಿಸುತ್ತಿದ್ದರು. ಎರಡು ವರ್ಷ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೆ. ಆಗೆಲ್ಲ, ಅಷ್ಟೇ ನನ್ನ ಅಳತೆ ಅಂತ ನಾನೂ ಒಪ್ಪಿಕೊಂಡಿದ್ದೆ. ಮಿಲ್ಸ್ ಒಪ್ಪಿಕೊಂಡಿರಲಿಲ್ಲ.

ಅವರ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಮುಂದಿನ ತಿರುವು. ಯುಎಸ್‌ಎಫ್‌ಎಲ್ ಎಂಬ ಹೊಸ ಲೀಗ್ 1983ರಲ್ಲಿ ಶುರುವಾಯಿತು. ಅದರ ಫಿಲಡೆಲ್ಫಿಯಾ ಸ್ಟಾರ್ಸ್ ತಂಡಕ್ಕೆ ಮಿಲ್ಸ್ ಹೆಸರನ್ನು ಶಿಫಾರಸು ಮಾಡಿದ್ದು ಸ್ಯಾಮ್ ರುಟಿಗ್ಲಿಯಾನೊ, ಅಂದರೆ ಬ್ರೌನ್ಸ್‌ನಿಂದ ಅವರನ್ನು ಕೈಬಿಟ್ಟಿದ್ದ ಅದೇ ಕೋಚ್. ಕೈಬಿಟ್ಟವರು ಆಮೇಲೆ ನಮ್ಮ ಪರವಾಗಿ ಬಾಯಿ ತೆರೆಯುವುದು ಎಷ್ಟು ಅಪರೂಪ ಅನ್ನುವುದು ಕೆಲಸ ಹುಡುಕಿ ಅಲೆದವರಿಗೆ ಗೊತ್ತು. ಸ್ಟಾರ್ಸ್ ಕೋಚ್ ಜಿಮ್ ಮೋರಾಗೂ ಮೊದಲು ಎತ್ತರದ ಬಗ್ಗೆ ಅನುಮಾನವಿತ್ತು. ಆದರೆ ಕುಳ್ಳಗಿರುವುದೇ ಈ ಆಟದಲ್ಲಿ ಒಂದು ಅನುಕೂಲ. ಢಿಕ್ಕಿಯಲ್ಲಿ ಯಾರ ಭುಜ ಕೆಳಗಿರುತ್ತದೋ ಅವನೇ ಎದುರಾಳಿಯನ್ನು ಎತ್ತಿ ಹಾಕುತ್ತಾನೆ. ಎತ್ತರದವರು ಬಗ್ಗಿ ಬಗ್ಗಿ ಕಲಿಯುವುದು ಮಿಲ್ಸ್‌ಗೆ ಹುಟ್ಟಿನಿಂದಲೇ ಸಿಕ್ಕಿತ್ತು. ಸ್ಟಾರ್ಸ್ ಮೂರು ಸೀಸನ್‌ಗಳಲ್ಲೂ ಫೈನಲ್ ತಲುಪಿ, 1984 ಮತ್ತು 1985ರಲ್ಲಿ ಚಾಂಪಿಯನ್ ಆಯಿತು. ಲೀಗ್ ಮುಚ್ಚಿತು.

1986ರಲ್ಲಿ ಮೋರಾ ಎನ್‌ಎಫ್‌ಎಲ್‌ನ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡದ ಕೋಚ್ ಆದರು. ಹೋಗುವಾಗ ಮಿಲ್ಸ್ ಅವರನ್ನೂ ಕರೆದುಕೊಂಡು ಹೋದರು. ಆ ತಂಡ ಹುಟ್ಟಿ 20 ಸೀಸನ್ ಕಳೆದರೂ ಒಮ್ಮೆಯೂ ಗೆಲುವುಗಳ ಸಂಖ್ಯೆ ಸೋಲುಗಳನ್ನು ಮೀರಿರಲಿಲ್ಲ. 1987ರಲ್ಲಿ ಮೀರಿತು, 12 ಗೆಲುವು, 3 ಸೋಲು. ರಿಕಿ ಜಾಕ್ಸನ್, ವಾನ್ ಜಾನ್ಸನ್, ಪ್ಯಾಟ್ ಸ್ವಿಲಿಂಗ್, ಮಿಲ್ಸ್ ಈ ನಾಲ್ವರು ಲೈನ್‌ಬ್ಯಾಕರ್‌ಗಳಿಗೆ ಜನ ಡೋಮ್ ಪೆಟ್ರೋಲ್ ಎಂದು ಹೆಸರಿಟ್ಟರು. 1992ರ ಸೀಸನ್‌ನಲ್ಲಿ ನಾಲ್ವರೂ ಒಟ್ಟಿಗೆ ಪ್ರೊ ಬೌಲ್‌ಗೆ ಆಯ್ಕೆಯಾದರು. ಆದರೆ ಮಿಲ್ಸ್ ಇದ್ದಷ್ಟು ಕಾಲ ಸೇಂಟ್ಸ್ ಒಂದು ಪ್ಲೇಆಫ್ ಪಂದ್ಯವನ್ನೂ ಗೆಲ್ಲಲಿಲ್ಲ. ಅಭಿಮಾನಿಗಳು ಇದನ್ನು ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ.

1995ರಲ್ಲಿ ಶಾರ್ಲಟ್‌ಗೆ ಹೊಸ ತಂಡ ಬಂತು, ಕ್ಯಾರೊಲಿನಾ ಪ್ಯಾಂಥರ್ಸ್. ಮಿಲ್ಸ್‌ಗೆ ಆಗ 36, ಈ ಆಟದಲ್ಲಿ ಅಜ್ಜನ ವಯಸ್ಸು. ಹೊಸ ತಂಡ ಮೊದಲ ಐದೂ ಪಂದ್ಯ ಸೋತಿತು. ಆರನೆಯದರಲ್ಲಿ ನ್ಯೂಯಾರ್ಕ್ ಜೆಟ್ಸ್ ಎಸೆದ ಪಾಸನ್ನು ಮಿಲ್ಸ್ ನಡುವೆಯೇ ಕಸಿದು 36 ಗಜ ಓಡಿ ಟಚ್‌ಡೌನ್ ಮಾಡಿದರು. ಪ್ಯಾಂಥರ್ಸ್ ಮೊದಲ ಗೆಲುವು ಅದೇ. ಮರುವರ್ಷ ತಂಡ ಸೂಪರ್ ಬೌಲ್‌ನ ಹೊಸ್ತಿಲವರೆಗೂ ಹೋಗಿತ್ತು. 1997ರ ನಂತರ ಆಟ ಬಿಟ್ಟು ಅಲ್ಲೇ ಕೋಚ್ ಆದರು, ಮುಂದೆ ಲೈನ್‌ಬ್ಯಾಕರ್‌ಗಳ ಹೊಣೆ ಹೊತ್ತರು. ಒಂದು ಲೆಕ್ಕದಲ್ಲಿ ಮತ್ತೆ ಮೇಷ್ಟ್ರ ಕೆಲಸವೇ. ಪ್ರತಿಮೆ ನಿಲ್ಲಿಸಿದ್ದೂ ಅವರು ಬದುಕಿದ್ದಾಗಲೇ. ದಿನವೂ ಕೆಲಸಕ್ಕೆ ಬರುವ ಜಾಗದಲ್ಲಿ ತನ್ನದೇ ಪ್ರತಿಮೆ ನಿಂತಿದ್ದರೆ ಹೇಗನ್ನಿಸುತ್ತದೋ!

2003ರ ಆಗಸ್ಟ್‌ನಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಅದೇ ತಿಂಗಳು ತಂಡದ ಲೈನ್‌ಬ್ಯಾಕರ್ ಮಾರ್ಕ್ ಫೀಲ್ಡ್ಸ್‌ಗೂ ಬೇರೊಂದು ಬಗೆಯ ಕ್ಯಾನ್ಸರ್. ಮಿಲ್ಸ್ ಕೀಮೋ ತೆಗೆದುಕೊಳ್ಳುತ್ತಲೇ ಅಭ್ಯಾಸಕ್ಕೆ ಬಂದರು. 2004ರ ಜನವರಿಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧದ ಪ್ಲೇಆಫ್‌ಗೆ ಮುನ್ನ ಹುಡುಗರ ಮುಂದೆ ನಿಂತು ಮಾತಾಡಿದರು. ರೋಗದ ಸುದ್ದಿ ಬಂದಾಗ ತನ್ನೆದುರು ಇದ್ದದ್ದು ಎರಡೇ ದಾರಿ, ಕೈಚೆಲ್ಲುವುದು ಅಥವಾ ಬಡಿಯುತ್ತಲೇ ಇರುವುದು ಎಂದರು. ಆ ಪಂದ್ಯ 29–10ರಲ್ಲಿ ಗೆದ್ದ ತಂಡ, ಎರಡೇ ವರ್ಷದ ಹಿಂದೆ ಹದಿನಾರರಲ್ಲಿ ಹದಿನೈದು ಸೋತಿದ್ದ ತಂಡ, ಸೂಪರ್ ಬೌಲ್ ತಲುಪಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಕೊನೆಯ ಕ್ಷಣದಲ್ಲಿ 32–29ರಿಂದ ಸೋತಿತು.

ಸ್ಲೈಡಿನಲ್ಲಿ ಬಿಟ್ಟುಹೋಗುವ ಭಾಗ ಒಂದಿದೆ. ಫೀಲ್ಡ್ಸ್ ಆ ಸೀಸನ್ ಪೂರ್ತಿ ಆಡಲಿಲ್ಲ, ಚಿಕಿತ್ಸೆ ಪಡೆದರು. ಸಹ ಆಟಗಾರರು ಜೆರ್ಸಿಯ ಒಳಗೆ ತೊಡುತ್ತಿದ್ದ ಅಂಗಿಯ ಮೇಲೆ ಮಿಲ್ಸ್‌ರ 51 ಇತ್ತು, ಪಕ್ಕದಲ್ಲೇ ಫೀಲ್ಡ್ಸ್‌ರ 58 ಕೂಡ ಇತ್ತು. 2004ರಲ್ಲಿ ಫೀಲ್ಡ್ಸ್ ಮತ್ತೆ ಅಂಗಳಕ್ಕಿಳಿದರು. ಕಳೆದ ವರ್ಷ ನಮ್ಮ ತಂಡದ ಹುಡುಗಿಯೊಬ್ಬಳು ಆರು ತಿಂಗಳು ಚಿಕಿತ್ಸೆಗೆ ರಜೆ ಕೇಳಿ, ತಪ್ಪು ಮಾಡಿದವಳ ಹಾಗೆ ಕೂತಿದ್ದಳು. ಕ್ಯಾಂಟೀನಿನಲ್ಲಿ ಅವಳಿಗೆ ಹೇಳಿದ್ದು ಫೀಲ್ಡ್ಸ್ ಕಥೆಯನ್ನು. ನಕ್ಕು, ಕ್ರಿಕೆಟ್ ಆದರೂ ಅರ್ಥವಾಗುತ್ತಿತ್ತು ಸರ್ ಅಂದಳು. ಈಗ ಕೆಲಸಕ್ಕೆ ಮರಳಿದ್ದಾಳೆ.

ಮಿಲ್ಸ್ ಮುಂದಿನ ಸೀಸನ್ ಕೂಡ ಕೋಚ್ ಆಗಿ ದುಡಿದು, 2005ರ ಏಪ್ರಿಲ್ 18ರಂದು ಶಾರ್ಲಟ್‌ನ ಮನೆಯಲ್ಲಿ ತೀರಿಕೊಂಡರು. 45 ವರ್ಷ. 51ನೇ ನಂಬರನ್ನು ಪ್ಯಾಂಥರ್ಸ್ ಮತ್ಯಾರಿಗೂ ಕೊಡುವುದಿಲ್ಲ. ಮಗ ಅದೇ ತಂಡದಲ್ಲಿ ಕೋಚ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದ. ಫುಟ್‌ಬಾಲ್ ಹಾಲ್ ಆಫ್ ಫೇಮ್ ಮಾತ್ರ ಅವರನ್ನು ಒಳಗೆ ಬಿಟ್ಟುಕೊಳ್ಳಲು 2022ರವರೆಗೆ ಕಾಯಿಸಿತು. ಅವರ ಅರ್ಹತೆಯ 20ನೇ, ಕೊನೆಯ ವರ್ಷವದು.