ನುಡಿಸಲರಿಯದ ವಾದ್ಯಶಿಲ್ಪಿ

ವಾದ್ಯವನ್ನು ಮಾಡುವವನಿಗೆ ಅದನ್ನು ನುಡಿಸಲೂ ಬರಬೇಕೆಂದು ನಾವು ಸಹಜವಾಗಿ ಎಣಿಸುತ್ತೇವೆ. ಅಮೆರಿಕದ ಲಿಯೊ ಫೆಂಡರನ ಬಾಳು ಈ ಎಣಿಕೆಗೆ ಒಂದು ದೊಡ್ಡ ಅಪವಾದ. ವಿದ್ಯುತ್ ಗಿಟಾರ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಆಕೃತಿ ಬಹುಮಟ್ಟಿಗೆ ಅವನ ಕಾರ್ಯಾಗಾರದಿಂದ ಬಂದದ್ದು; ಆದರೆ ಗಿಟಾರ್ ನುಡಿಸುವುದನ್ನು ಅವನು ಕೊನೆಯವರೆಗೂ ಕಲಿಯಲಿಲ್ಲ.

ಅವನು ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳ ಸೀಮೆಯಲ್ಲಿ. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯೊಂದರ ದೆಸೆಯಿಂದ ಎಡಗಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣು ಧರಿಸಿದ. ಎಳೆತನದಲ್ಲಿ ಪಿಯಾನೋ, ಸ್ಯಾಕ್ಸೊಫೋನುಗಳ ಪರಿಚಯ ಅಷ್ಟಿಷ್ಟು ಆಯಿತು. ಮನಸ್ಸು ನೆಟ್ಟದ್ದು ಮಾತ್ರ ರೇಡಿಯೊದಲ್ಲಿ. ಓದಿದ್ದು ಲೆಕ್ಕಪತ್ರದ ವಿದ್ಯೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಆ ಉದ್ಯೋಗವೂ ಕೈಬಿಟ್ಟಿತು. 1938ರಲ್ಲಿ ಫುಲರ್ಟನ್ ಊರಿನಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದ. ಕೆಟ್ಟ ಧ್ವನಿವರ್ಧಕಗಳನ್ನು ಹೊತ್ತು ಅಲ್ಲಿಗೆ ಬರುತ್ತಿದ್ದ ವಾದಕರ ದೂರುಗಳೇ ಅವನಿಗೆ ಸಂಗೀತದ ಪಾಠವಾದವು ಎಂದು ನನಗೆ ತೋರುತ್ತದೆ. ಶಾಸ್ತ್ರಜ್ಞನ ಕಿವಿಯಲ್ಲ, ದುರಸ್ತಿಗಾರನ ಕಿವಿ ಅವನದು: ಏನು ತಪ್ಪುತ್ತಿದೆ, ಎಲ್ಲಿ ಸಡಿಲವಾಗಿದೆ ಎಂಬುದಷ್ಟೇ ಅದಕ್ಕೆ ಬೇಕು.

1950ರಲ್ಲಿ ಅವನ ಇಡಿ ಮರದ ಗಿಟಾರ್ ಮಾರುಕಟ್ಟೆಗೆ ಬಂದಿತು. ಬ್ರಾಡ್‌ಕಾಸ್ಟರ್ ಎಂಬ ಹೆಸರನ್ನು ಹೋಲುವ ಹೆಸರು ಬೇರೊಂದು ಸಂಸ್ಥೆಯ ಮದ್ದಲೆಗಳಿಗೆ ಮೊದಲೇ ಇದ್ದುದರಿಂದ, ಮರುವರ್ಷ ಅದು ಟೆಲಿಕಾಸ್ಟರ್ ಆಯಿತು. ವೀಣೆಗೆ ಇರುವಂತೆ ಗಿಟಾರಿಗೂ ಕುದುರೆಯುಂಟು. ಆ ಕುದುರೆಯ ಮೇಲೆ ತಂತಿ ಕೂರುವ ಲೋಹದ ತುಂಡಿಗೆ ಅವರು ಜೀನು ಎಂದೇ ಹೆಸರಿಟ್ಟಿದ್ದಾರೆ. ಕುದುರೆ ನಮ್ಮದು, ಜೀನು ಅವರದು; ಎರಡು ಭಾಷೆಗಳೂ ಕೂಡಿಯೇ ಸವಾರಿಯನ್ನು ಸಜ್ಜುಗೊಳಿಸಿದಂತಿದೆ! ಟೆಲಿಕಾಸ್ಟರಿನಲ್ಲಿ ಆರು ತಂತಿಗಳಿಗೆ ಮೂರೇ ಜೀನು. ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದು ತುಸು ಬಿಗಿದು ಸ್ವರ ಮೇಲಕ್ಕೇರುತ್ತದೆ; ಏರುವ ಪ್ರಮಾಣ ತಂತಿತಂತಿಗೂ ಬೇರೆ. ಆದುದರಿಂದ ಪ್ರತಿಯೊಂದಕ್ಕೂ ತನ್ನದೇ ಉದ್ದದ ಅಳತೆ ಬೇಕು. ಇಬ್ಬರು ಒಂದೇ ಜೀನನ್ನು ಹಂಚಿಕೊಂಡರೆ ಒಬ್ಬನಾದರೂ ಅಪಶ್ರುತಿ ನುಡಿಯದೆ ವಿಧಿಯಿಲ್ಲ. ಬಿಲ್ ಕಾರ್ಸನ್ ಎಂಬ ವಾದಕ ಇದನ್ನು ಎತ್ತಿ ಆಡಿದವರಲ್ಲೊಬ್ಬ. 1954ರಲ್ಲಿ ಹೊರಟ ಸ್ಟ್ರಾಟೊಕಾಸ್ಟರಿನಲ್ಲಿ ಜೀನುಗಳು ಆರಾದವು. ಪ್ರತಿಯೊಂದನ್ನೂ ತಿರುಪಿನಿಂದ ಹಿಂದುಮುಂದಾಗಿಯೂ ಮೇಲುಕೆಳಗಾಗಿಯೂ ಸರಿಸಬಹುದಾಗಿತ್ತು.

ಆ ವಾದ್ಯದ ನಿಜವಾದ ಕಷ್ಟ ಸ್ವರವನ್ನು ಅಲುಗಿಸುವ ಹಿಡಿಯಲ್ಲಿತ್ತು. ಹಿಡಿ ಒತ್ತಿದರೆ ಆರು ತಂತಿಗಳೂ ಸಡಿಲಗೊಂಡು ಸ್ವರ ಜಾರಬೇಕು, ಬಿಟ್ಟರೆ ಮೊದಲಿದ್ದ ಶ್ರುತಿಗೇ ಮರಳಬೇಕು. ಜಾರಿಸುವುದು ಸುಲಭ, ಮರಳಿಸುವುದು ಕಠಿಣ. ಮೊದಲು ಉರುಳೆಗಳ ಮೇಲೆ ತಂತಿ ಚಲಿಸುವಂತೆ ಮಾಡಿ ನೋಡಿದ. ನಾದ ತೆಳುವಾಗಿ ಬೇಗನೆ ಅಡಗಿಹೋಯಿತು. ಉಪಕರಣಗಳಿಗೆ ಸುರಿದ ಹಣವನ್ನು ಲೆಕ್ಕಿಸದೆ ಆ ರಚನೆಯನ್ನು ಕಿತ್ತೆಸೆದ. ಲೆಕ್ಕಿಗನಾಗಿದ್ದವನು ಇದನ್ನು ಮಾಡಿದನೆಂಬುದು ನನಗೆ ಅವನ ಎಲ್ಲ ಹಕ್ಕುಪತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಎರಡನೆಯ ಸಲ ಇಡಿಯ ಕುದುರೆಯನ್ನೇ ಆರು ತಿರುಪುಗಳ ಅಂಚಿನಲ್ಲಿ ತೂಗಿಬಿಟ್ಟು, ಅದರಡಿಗೆ ಭಾರವಾದ ಉಕ್ಕಿನ ದಿಮ್ಮಿ ಕೂಡಿಸಿ, ವಾದ್ಯದ ಬೆನ್ನಿನೊಳಗೆ ಸುರುಳಿಕಂಬಿಗಳನ್ನು ಬಿಗಿದ. ಒಂದು ಕಡೆ ತಂತಿಗಳ ಸೆಳೆತ, ಇನ್ನೊಂದು ಕಡೆ ಕಂಬಿಗಳದು. ನಡುವೆ ತಕ್ಕಡಿಯಂತೆ ಕುದುರೆ. ದಿಮ್ಮಿಯ ತೂಕದಿಂದ ನಾದಕ್ಕೆ ತುಂಬುತನ ಮರಳಿತು. ಇದಕ್ಕೆ 1956ರಲ್ಲಿ ಹಕ್ಕುಪತ್ರ ದೊರೆಯಿತು. ಬಿರಡೆಗಳೆಲ್ಲ ತಲೆಯ ಒಂದೇ ಪಕ್ಕದಲ್ಲಿ ಸಾಲಾಗಿ ನಿಂತುದರಿಂದ ತಂತಿ ಕತ್ತಿನ ತುದಿಯ ಕಚ್ಚಿನಲ್ಲಿ ಸೊಟ್ಟಗೆ ತಿರುಗದೆ ನೇರವಾಗಿ ಹಾಯುತ್ತಿತ್ತು. ಕಚ್ಚಿನಲ್ಲಿ ಸಿಕ್ಕಿಕೊಂಡ ತಂತಿ ಶ್ರುತಿಗೆ ಮರಳಲಾರದಷ್ಟೆ. ಬಿರಡೆಗಳ ಈ ಸಾಲು 1948ರಲ್ಲಿ ಪಾಲ್ ಬಿಗ್ಸ್‌ಬಿ ಕಟ್ಟಿದ ಗಿಟಾರಿನಲ್ಲಿ ಆಗಲೇ ಇತ್ತೆಂಬುದನ್ನು ಹೇಳದಿರುವುದು ನ್ಯಾಯವಲ್ಲ.

ಭಾಷೆಯ ಅಧ್ಯಾಪಕನಾದ ನನಗೆ ಒಂದು ವಿನೋದ ಬಿಡಲಾಗದು. ಸ್ವರದ ಏರಿಳಿತಕ್ಕೆ ವೈಬ್ರಾಟೊ, ಸದ್ದಿನ ಏರಿಳಿತಕ್ಕೆ ಟ್ರೆಮೊಲೊ ಎಂಬುದು ಸಂಗೀತದ ಪರಿಭಾಷೆ. ಫೆಂಡರನು ಗಿಟಾರಿನ ಹಿಡಿಗೆ ಟ್ರೆಮೊಲೊ ಎಂದೂ ಧ್ವನಿವರ್ಧಕದ ಸೌಲಭ್ಯಕ್ಕೆ ವೈಬ್ರಾಟೊ ಎಂದೂ ಹೆಸರಿಟ್ಟು ಎರಡನ್ನೂ ತಲೆಕೆಳಗು ಮಾಡಿದ. ಲೋಕ ಅವನ ಮಾತನ್ನೇ ಹಿಡಿಯಿತು.

ಬಹುಕಾಲದ ಸೋಂಕುರೋಗದಿಂದ ನವೆದು, ಇನ್ನು ಬದುಕುವುದಿಲ್ಲವೆಂದು ನಂಬಿ, 1965ರಲ್ಲಿ ಸಂಸ್ಥೆಯನ್ನು ಸಿ.ಬಿ.ಎಸ್. ಕಂಪೆನಿಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಮಾರಿದ ಮೇಲೆ ರೋಗ ವಾಸಿಯಾಯಿತು! ಆದರೆ ಹೆಸರು ಅವನದಾಗಿ ಉಳಿದಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಸಂಸ್ಥೆಗೂ, 1980ರ ಸುಮಾರಿನಿಂದ ಜಾರ್ಜ್ ಫುಲರ್ಟನ್ ಎಂಬ ಹಳೆಯ ಸಂಗಡಿಗನೊಡನೆ ಜಿ ಆಂಡ್ ಎಲ್ ಸಂಸ್ಥೆಗೂ ದುಡಿದ. ತಾನು ಮಾಡಿದ ಗಿಟಾರಿನ ತಲೆಯ ಮೇಲೆ ತನ್ನ ಹೆಸರನ್ನು ಬರೆಯುವಂತಿಲ್ಲ. ಆ ಹೆಸರು ಹೊತ್ತ ಗಿಟಾರುಗಳನ್ನು ಇತರರು ಮಾಡುತ್ತಿದ್ದಾರೆ. ಇಂಥ ಸ್ಥಿತಿಯಲ್ಲಿ ಅನೇಕರು ನ್ಯಾಯಾಲಯಕ್ಕೋ ಹಳಹಳಿಕೆಗೋ ಮೊರೆಹೋಗುತ್ತಾರೆ. ಇವನು ತನ್ನದೇ ಹಳೆಯ ಕುದುರೆಯ ದೋಷಗಳನ್ನು ಹುಡುಕತೊಡಗಿದ. ಆರು ತಿರುಪುಗಳ ಬದಲು ಎರಡೇ ಆಧಾರಬಿಂದುಗಳ ಮೇಲೆ ತೂಗುವ ಕುದುರೆಯನ್ನು ರಚಿಸಿದ. ತಿಕ್ಕಾಟ ತಗ್ಗಿ, ಶ್ರುತಿಗೆ ಮರಳುವುದು ಹೆಚ್ಚು ನಿಶ್ಚಿತವಾಯಿತು. ಹಿಡಿಯಿಲ್ಲದ ಗಿಟಾರುಗಳಿಗೆ ಜೀನುಗಳನ್ನು ಪಕ್ಕದಿಂದ ಒಂದು ತಿರುಪು ಒತ್ತಿಹಿಡಿದು, ಅದುರಿ ನಾದ ಸೋರದಂತೆ ತಡೆಯುವ ಇನ್ನೊಂದು ಕುದುರೆ.

ಇಂದು ಹವ್ಯಾಸಿ ತರುಣರು ಸ್ಟ್ರಾಟೊಕಾಸ್ಟರ್ ಕೊಂಡು ಬಿರಡೆಯನ್ನು ಬಿಗಿಗೀಲಿನ ಬಿರಡೆಗೆ, ಕಚ್ಚನ್ನು ಗ್ರಾಫೈಟಿಗೆ, ದಿಮ್ಮಿಯನ್ನು ಹೆಚ್ಚು ಭಾರದ ದಿಮ್ಮಿಗೆ ಬದಲಾಯಿಸುತ್ತಾರೆ. ಸಂಗ್ರಾಹಕರು 1965ಕ್ಕೆ ಹಿಂದಿನ ಒಂದು ತಿರುಪನ್ನೂ ಮುಟ್ಟಬಾರದೆಂದು ಹೌಹಾರುತ್ತಾರೆ. ಫೆಂಡರನ ಮನೆಯ ಶೈಲಿ ಯಾವುದೆಂದು ಕೇಳಿದರೆ ನಾನು ಆ ತರುಣರ ಕಡೆಗೇ ಕೈತೋರುವೆನು. ತನ್ನ ಕಡೆಗಾಲದ ವಾದ್ಯಗಳೇ ಎಲ್ಲಕ್ಕಿಂತ ಮೇಲೆಂದು ಅವನು ದೃಢವಾಗಿ ನಂಬಿದ್ದ.

ಮುಪ್ಪಿನಲ್ಲಿ ಕಂಪವಾತ ಬಂದು ಕೈ ನಡುಗಿತು. ಆದರೂ ಕೆಲಸ ನಿಲ್ಲಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡ. ಹಿಂದಿನ ದಿನವೂ ಕಾರ್ಖಾನೆಯ ತನ್ನ ಕೋಣೆಯಲ್ಲಿ ಕುಳಿತು ದುಡಿದಿದ್ದನಂತೆ. ಉಪಕರಣಗಳು ಹರಡಿದ್ದ ಆ ಮೇಜನ್ನು ಹೆಂಡತಿ ಫಿಲಿಸ್ ಇದ್ದಂತೆಯೇ ಇರಗೊಟ್ಟಳು.